ಲಾಂಗೆ ಬೆಟ್ಟಗಳ ನಾಡಿನಲ್ಲಿ ಎಂಟು ದಿನ



ಕಳೆದ ಸರ್ವಸದಸ್ಯರ ಸಭೆಯ ದಿನ ಊಟದ ಪಂಕ್ತಿಯಲ್ಲಿ ಹಲವರು ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: "ಇಟಲಿಗೆ ಹೋಗಿ ಬಂದಿರಂತಲ್ಲ, ಅಲ್ಲಿ ಏನು ನೋಡಿದಿರಿ?" ರೋಮಿನ ಹಳೆಯ ಕಟ್ಟಡಗಳನ್ನೋ ವೆನಿಸ್ಸಿನ ದೋಣಿಗಳನ್ನೋ ವರ್ಣಿಸುತ್ತೇವೆಂದು ಕಾದಿದ್ದವರಿಗೆ ನಮ್ಮ ಉತ್ತರ ಸಪ್ಪೆಯೆನಿಸಿರಬೇಕು. ನಾವು ನೋಡಿದ್ದು ತೋಟಗಳನ್ನು, ಮಾತಾಡಿದ್ದು ತೋಟದವರೊಡನೆ. ಮಗಳು-ಅಳಿಯ ಮಿಲಾನಿನಲ್ಲಿ ಕೆಲಸದಲ್ಲಿರುವ ನೆಪದಲ್ಲಿ ಅಲ್ಲಿಗೆ ಹೋಗಿದ್ದ ನಾವು, ಎಂಟು ದಿನಗಳನ್ನು ಅಲ್ಲಿಂದ ಸುಮಾರು 150 ಕಿಲೋಮೀಟರ್ ದೂರದ ಲಾಂಗೆ ಎಂಬ ಗುಡ್ಡಗಾಡು ಸೀಮೆಯಲ್ಲಿ ಕಳೆದೆವು. ನಮ್ಮ ಸದಸ್ಯರಲ್ಲಿ ಈಗ ಮಕ್ಕಳನ್ನು ನೋಡಲು ಯುರೋಪಿಗೆ ಹೋಗಿಬರುವವರು ಕಡಿಮೆಯೇನಿಲ್ಲ. ಅಂಥವರಿಗೆ ಉಪಯೋಗವಾಗಲಿ, ಹೋಗದವರಿಗೂ ನಾಲ್ಕು ವಿಷಯ ತಿಳಿಯಲಿ ಎಂದು ಈ ಲೇಖನ.

ನೆಲದ ಗುಣ

ಇಟಲಿಯ ವಾಯವ್ಯ ಮೂಲೆಯ ಪ್ರಾಂತಕ್ಕೆ ಪಿಯೆಮೊಂತೆ ಎಂದು ಹೆಸರು. ಬೆಟ್ಟದ ಬುಡ ಎಂದು ಆ ಹೆಸರಿನ ಅರ್ಥ. ಪಶ್ಚಿಮಕ್ಕೂ ಉತ್ತರಕ್ಕೂ ಆಲ್ಪ್ಸ್ ಪರ್ವತ ಗೋಡೆಯಂತೆ ನಿಂತಿದೆ. ದಕ್ಷಿಣದ ಬೆಟ್ಟಸಾಲನ್ನು ದಾಟಿದರೆ ಸಮುದ್ರ. ಈ ನಡುವೆ ತಾನಾರೊ ಮತ್ತು ಬೋರ್ಮಿದಾ ನದಿಗಳ ಆಸುಪಾಸಿನಲ್ಲಿ ಹಬ್ಬಿದ ಏಣುಗುಡ್ಡಗಳ ಸೀಮೆಯೇ ಲಾಂಗೆ. ಆಲ್ಬಾ ಪಟ್ಟಣದ ಹತ್ತಿರದ ತಗ್ಗು ಗುಡ್ಡಗಳು ಕೆಳ ಲಾಂಗೆ. ದಕ್ಷಿಣಕ್ಕೆ ಏರುತ್ತ ಹೋಗಿ ಮೊಂಬಾರ್ಕಾರೊ ಎಂಬ ಊರಿನಲ್ಲಿ ಸುಮಾರು 900 ಮೀಟರ್ ಎತ್ತರ ಮುಟ್ಟುವುದು ಮೇಲ್ ಲಾಂಗೆ.

ಈ ನೆಲವೆಲ್ಲ ಒಂದು ಕಾಲಕ್ಕೆ ಸಮುದ್ರದ ತಳ. ಸುಣ್ಣ ಬೆರೆತ ನೀಲಿಬೂದು ಜೇಡಿಯೂ ಮರಳುಗಲ್ಲೂ ಪದರ ಪದರವಾಗಿ ಕೂತಿವೆ; ಅಗೆದಲ್ಲಿ ಕಪ್ಪೆಚಿಪ್ಪು ಸಿಗುವುದುಂಟು. ತಾನಾರೊ ನದಿ ಹಿಂದೆ ನೇರ ಉತ್ತರಕ್ಕೆ ಹರಿಯುತ್ತಿತ್ತಂತೆ. ಬ್ರಾ ಎಂಬ ಊರಿನ ಬಳಿ ಪೂರ್ವದ ಇನ್ನೊಂದು ಹಳ್ಳ ಅದನ್ನು ತನ್ನತ್ತ ಸೆಳೆದುಕೊಂಡಿತು. ನದಿಯ ಪಾತ್ರ ತಗ್ಗಿದಂತೆ ಅದನ್ನು ಸೇರುವ ಹಳ್ಳಗಳೆಲ್ಲ ಆಳಕ್ಕೆ ಕೊರೆದವು, ಗುಡ್ಡಗಳು ಕಡಿದಾದವು. ಹಾಗಾಗಿ ಊರುಗಳೆಲ್ಲ ಏಣಿನ ಮೇಲೆ, ತೋಟಗಳು ಇಳಿಜಾರಿನಲ್ಲಿ.

ನಮ್ಮ ಕಡೆ ಕೆಳಗೆ ಗದ್ದೆ, ಹಳ್ಳದ ಪಕ್ಕ ಅಡಿಕೆ, ಮೇಲಿನ ಇಳಿಜಾರಿಗೆ ಕಾಫಿ ಎಂದು ಹಿರಿಯರು ನೆಲವನ್ನು ಹಂಚಿದ ಹಾಗೆ ಅಲ್ಲಿಯೂ ಒಂದು ಲೆಕ್ಕ ಇದೆ. ಚಳಿಗಾಲದಲ್ಲಿ ಹಿಮ ಎಲ್ಲಿ ಮೊದಲು ಕರಗುತ್ತದೆಯೋ ಆ ದಕ್ಷಿಣಮುಖದ ಬಿಸಿಲಿಳಿಜಾರು ನೆಬ್ಬಿಯೋಲೊ ಎಂಬ ದ್ರಾಕ್ಷಿಗೆ ಮೀಸಲು. ಆ ತಳಿಯ ಹಣ್ಣು ಮಾಗುವುದು ನಿಧಾನ. ಮಂಜು ಮುಸುಕುವ ಅಕ್ಟೋಬರದವರೆಗೂ ಕಾಯಬೇಕು. ಮಂಜಿಗೆ ಅವರ ಭಾಷೆಯಲ್ಲಿ ನೆಬ್ಬಿಯಾ ಎನ್ನುವುದರಿಂದಲೇ ಹಣ್ಣಿಗೆ ಆ ಹೆಸರು ಬಂತೆಂದು ಹೇಳುತ್ತಾರೆ. ಅಷ್ಟು ಬಿಸಿಲು ಸಿಗದ ಕಡೆ ಬಾರ್ಬೇರಾ, ದೊಲ್ಚೆತ್ತೊ ಎಂಬ ಬೇರೆ ತಳಿಗಳು. ದ್ರಾಕ್ಷಿಯೇ ಮಾಗದ ಮೇಲ್ ಲಾಂಗೆಯ ಚಳಿನೆಲಕ್ಕೆ ಹೇಝಲ್ ಬೀಜದ ಗಿಡ. ಮಳೆ ವರ್ಷಕ್ಕೆ ಸುಮಾರು ಮೂವತ್ತು ಇಂಚು. ನಮ್ಮಲ್ಲಿ ಜುಲೈ ಒಂದೇ ತಿಂಗಳಿನಲ್ಲಿ ಅದಕ್ಕಿಂತ ಹೆಚ್ಚು ಸುರಿಯುತ್ತದೆ ಎಂದಾಗ ನಮ್ಮನ್ನು ಉಳಿಸಿಕೊಂಡ ಮನೆಯವರು ನಂಬಲಿಲ್ಲ.

ಆದರೆ ಮಳೆಯ ಪೆಟ್ಟು ಅವರಿಗೆ ತಿಳಿಯದ್ದಲ್ಲ. 1994ರ ನವೆಂಬರ್ 5 ಮತ್ತು 6ರಂದು ತಾನಾರೊ ಉಕ್ಕಿ ಪ್ರಾಂತದಲ್ಲಿ ಎಪ್ಪತ್ತರಷ್ಟು ಜನ ತೀರಿಕೊಂಡರು. ಗುಡ್ಡಗಳು ಜಾರಿ ತೋಟಗಳು ಹೋದವು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚರಿತ್ರೆಯ ಎರಡು ಮಾತು

ಸೀಮೆಯ ಮುಖ್ಯ ಪಟ್ಟಣ ಆಲ್ಬಾ. ರೋಮನರ ಕಾಲದಲ್ಲಿ ಆಲ್ಬಾ ಪೊಂಪೇಯಾ ಎಂಬ ಹೆಸರಿದ್ದ ಈ ಊರಿನಲ್ಲಿ ಹುಟ್ಟಿದ ಪೆರ್ತಿನಾಕ್ಸ್ ಎಂಬಾತ ಕ್ರಿಸ್ತಶಕ 193ರಲ್ಲಿ ಮೂರು ತಿಂಗಳ ಕಾಲ ರೋಮಿನ ಚಕ್ರವರ್ತಿಯಾಗಿದ್ದ. ಮಧ್ಯಯುಗದಲ್ಲಿ ಸಿರಿವಂತ ಮನೆತನಗಳು ಪೈಪೋಟಿಯ ಮೇಲೆ ಇಟ್ಟಿಗೆಯ ಗೋಪುರಗಳನ್ನು ಕಟ್ಟಿಸಿದ್ದರಿಂದ ನೂರು ಗೋಪುರಗಳ ಊರೆಂದು ಹೆಸರಾಯಿತು. ಇಂದು ಉಳಿದಿರುವವು ಬೆರಳೆಣಿಕೆಯಷ್ಟು.

ಹತ್ತಿರದ ಗ್ರಿನ್ಜಾನೆ ಎಂಬ ಹಳ್ಳಿಯ ಕೋಟೆಯನ್ನು ತಪ್ಪದೆ ನೋಡಬೇಕು. 1861ರಲ್ಲಿ ಒಂದಾದ ಇಟಲಿಯ ಮೊದಲ ಪ್ರಧಾನಿ ಕಾವೂರ್, ಅದಕ್ಕೆ ಮುಂಚೆ 1832ರಿಂದ 1849ರವರೆಗೆ ಈ ಪುಟ್ಟ ಹಳ್ಳಿಯ ಮೇಯರ್ ಆಗಿದ್ದ. ಮನೆತನದ ದ್ರಾಕ್ಷಿ ತೋಟವನ್ನೂ ಅವನೇ ನೋಡಿಕೊಳ್ಳುತ್ತಿದ್ದ. ಈಗ ಊರಿನ ಹೆಸರಿಗೇ ಅವನ ಹೆಸರು ಸೇರಿ ಗ್ರಿನ್ಜಾನೆ ಕಾವೂರ್ ಆಗಿದೆ.

ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಜರ್ಮನರಿಗೂ ಮುಸ್ಸೋಲಿನಿಯ ಪಡೆಗಳಿಗೂ ಎದುರಾಗಿ ನಿಂತ ಯುವಕರು ಅಡಗಿದ್ದುದು ಇದೇ ಗುಡ್ಡಗಳಲ್ಲಿ. 1944ರ ಅಕ್ಟೋಬರ್ 10ರಂದು ಅವರು ಆಲ್ಬಾವನ್ನು ಹಿಡಿದರು. ನವೆಂಬರ್ 2ರಂದು ಕಳೆದುಕೊಂಡರು. ಆ ಇಪ್ಪತ್ಮೂರು ದಿನಗಳ ಮೇಲೆ, ತಾನೂ ಅವರಲ್ಲೊಬ್ಬನಾಗಿದ್ದ ಬೆಪ್ಪೆ ಫೆನೋಲಿಯೊ ಎಂಬ ಆಲ್ಬಾದ ಲೇಖಕ ಬರೆದ ಕಥೆ 1952ರಲ್ಲಿ ಪ್ರಕಟವಾಯಿತು. ಆ ಪಡೆಯವರಿಗೆ ಅನ್ನ ಹಾಕಿ, ಕೊಟ್ಟಿಗೆಯಲ್ಲಿ ಜಾಗ ಕೊಟ್ಟವರು ರೈತರು. ಸಿಕ್ಕಿಬಿದ್ದರೆ ಮನೆಗೇ ಬೆಂಕಿ ಬೀಳುತ್ತಿತ್ತು.

ಬಡತನದ ದಿನಗಳು

ಇಂದು ಬರೋಲೊ ಸುತ್ತಿನ ಒಳ್ಳೆಯ ದ್ರಾಕ್ಷಿ ತೋಟದ ಬೆಲೆ ಹೆಕ್ಟೇರಿಗೆ ಹತ್ತು ಲಕ್ಷ ಯೂರೋ ದಾಟಿದೆ. ಎಂದರೆ ಎಕರೆಗೆ ನಾಲ್ಕು ಲಕ್ಷ ಯೂರೋ. ಇದನ್ನು ಕೇಳಿದವರಿಗೆ ಅರುವತ್ತು ಎಪ್ಪತ್ತು ವರ್ಷಗಳ ಹಿಂದೆ ಈ ಸೀಮೆ ಹಸಿವಿಗೆ ಹೆಸರಾಗಿತ್ತೆಂದರೆ ಆಶ್ಚರ್ಯವಾದೀತು. ಬಡವರ ಮನೆಯ ಗಂಡುಹುಡುಗರನ್ನು ವರ್ಷದ ಕೂಲಿಗೆ ಬೇರೆಯವರ ಮನೆಯಲ್ಲಿ ಆಳಾಗಿ ಬಿಡುತ್ತಿದ್ದರು. ಕೈಕಾಲು ಗಟ್ಟಿಯಿದ್ದವರು ಫ್ರಾನ್ಸಿಗೋ ಅರ್ಜೆಂಟೀನಾಕ್ಕೋ ಹೋದರು. ಯುದ್ಧ ಮುಗಿದ ಮೇಲೆ ಟ್ಯೂರಿನ್ನಿನ ಮೋಟಾರು ಕಾರ್ಖಾನೆಗಳಿಗೆ ಸಾಲುಗಟ್ಟಿದರು. ಮೇಲ್ ಲಾಂಗೆಯಲ್ಲಿ ಅಜ್ಜಂದಿರು ಕಲ್ಲು ಜೋಡಿಸಿ ಕಟ್ಟಿದ ಮೆಟ್ಟಿಲು ಪಾಗಾರಗಳು ಹಾಳುಬಿದ್ದು ಕಾಡು ಬೆಳೆಯಿತು.

ನೂತೊ ರೆವೆಲ್ಲಿ ಎಂಬವರು ಈ ಜಿಲ್ಲೆಯ ಹಳ್ಳಿಹಳ್ಳಿ ತಿರುಗಿ ಮುದುಕರು ಹೇಳಿದ್ದನ್ನು ಧ್ವನಿಮುದ್ರಿಸಿಕೊಂಡು 1977ರಲ್ಲಿ ಒಂದು ದೊಡ್ಡ ಪುಸ್ತಕ ಮಾಡಿದರು. ಹೆಂಗಸರ ಮಾತುಗಳದ್ದೇ ಇನ್ನೊಂದು ಪುಸ್ತಕ 1985ರಲ್ಲಿ ಬಂತು. ಈ ಎರಡನೆಯದರ ವಿಷಯವನ್ನು ಮಗಳು ಹೇಳಿದಾಗ ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ವಿಷಯ ಇಷ್ಟು. ಯುದ್ಧಾನಂತರದ ವರ್ಷಗಳಲ್ಲಿ ಲಾಂಗೆಯ ಹೆಣ್ಣುಮಕ್ಕಳು ತೋಟದ ಮನೆಗೆ ಮದುವೆಯಾಗಲು ಒಪ್ಪದೆ ಪಟ್ಟಣ ಸೇರಿದರು. ತೋಟ ಬಿಡಲಾಗದ ಗಂಡುಗಳು ಮೂವತ್ತೈದು ನಲವತ್ತು ದಾಟಿ ಕೂತರು. ಆಗ ಮದುವೆ ದಲ್ಲಾಳಿಗಳು ಸಾವಿರ ಕಿಲೋಮೀಟರ್ ದೂರದ ದಕ್ಷಿಣ ಇಟಲಿಯ ಕಲಾಬ್ರಿಯಾ ಮುಂತಾದ ಕಡೆಯಿಂದ ಬಡ ಹೆಣ್ಣುಮಕ್ಕಳ ಫೋಟೋ ತಂದರು. ಮಾತು ಬೇರೆ, ಊಟ ಬೇರೆ, ಹವೆ ಬೇರೆ. ಹಾಗೆ ಬಂದ ಸೊಸೆಯಂದಿರೇ ಎಷ್ಟೋ ಮನೆಗಳ ದೀಪ ಉಳಿಸಿದರು.

ನಾವು ಉಳಿದಿದ್ದ ಮನೆಯ ಅಜ್ಜಿ ಅಂಥವರಲ್ಲೊಬ್ಬರು. ಮೊದಲ ಚಳಿಗಾಲದಲ್ಲಿ ಅತ್ತೆಯ ಮಾತು ಒಂದೂ ತಿಳಿಯದೆ ಒಲೆಯ ಮುಂದೆ ಕೂತು ಅಳುತ್ತಿದ್ದೆ ಎಂದರು. ಈಗ ಅವರ ಮೊಮ್ಮಗಳೇ ತೋಟದ ಲೆಕ್ಕಪತ್ರ ನೋಡುತ್ತಾಳೆ. ಅಜ್ಜಿ ನಮ್ಮ ಮನೆಯವರನ್ನು ಕೇಳಿದರು: "ನಿಮ್ಮ ಕಡೆ ಹೇಗೆ?" ಅವರು ಉತ್ತರ ಹೇಳಲಿಲ್ಲ; ಅಜ್ಜಿಯ ಕೈ ಹಿಡಿದುಕೊಂಡರು.

ಸದಸ್ಯರಿಗೆ ತಿಳಿದ ಮಾತೇ ಆದರೂ ಬರೆಯುತ್ತೇವೆ. ನಮ್ಮ ಮಗನಿಗೆ ಮೂವತ್ಮೂರು. ಓದಿದ್ದಾನೆ, ತೋಟ ನೋಡಿಕೊಂಡಿದ್ದಾನೆ, ಯಾವ ದುರಭ್ಯಾಸವೂ ಇಲ್ಲ. ಜಾತಕ ಹೋದ ಮನೆಗಳಿಂದ ಬರುವ ಪ್ರಶ್ನೆ "ಹುಡುಗ ಬೆಂಗಳೂರಿಗೆ ಬರುತ್ತಾನೆಯೆ?" ಇದರ ಮೇಲೆ ಕೋಪಿಸಿಕೊಳ್ಳುವ ಹಕ್ಕು ನಮಗಿಲ್ಲ. ಮಗಳಿಗೆ ಗಂಡು ನೋಡುವಾಗ ತೋಟದ ಮನೆಯ ಎರಡು ಸಂಬಂಧಗಳನ್ನು ನಾವೇ ಬೇಡವೆಂದಿದ್ದೆವು. ನಮ್ಮ ಸೀಮೆಗೂ ಈಗ ಉತ್ತರದ ರಾಜ್ಯಗಳಿಂದ ಸೊಸೆಯಂದಿರು ಬರುತ್ತಿದ್ದಾರೆ. ಅವರನ್ನು ಕುರಿತು ಹಿಂದಿನಿಂದ ಹಗುರವಾಗಿ ಆಡುವ ಮಾತುಗಳು ನಮ್ಮ ಸಂಘದ ಜಗಲಿಯ ಮೇಲೂ ಕೇಳಿಬರುತ್ತವೆ. ಆ ಅಜ್ಜಿಯನ್ನು ನೋಡಿ ಬಂದ ಮೇಲೆ ನಮಗೆ ಆ ಮಾತುಗಳನ್ನು ಕೇಳಿಸಿಕೊಂಡು ಸುಮ್ಮನಿರಲು ಆಗುತ್ತಿಲ್ಲ.

ಇಗರ್ಜಿಯ ನೆಲಮಾಳಿಗೆಯ ಸಹಕಾರ ಸಂಘ

ಇನ್ನು ನಮ್ಮ ಕಸುಬಿನ ಮಾತು. ಬಾರ್ಬರೆಸ್ಕೊ ಎಂಬ ಪುಟ್ಟ ಹಳ್ಳಿಯಲ್ಲಿ 1894ರಲ್ಲಿ, ಆಲ್ಬಾದ ದ್ರಾಕ್ಷಾರಸ ವಿದ್ಯಾಶಾಲೆಯ ಮುಖ್ಯಸ್ಥ ದೊಮಿತ್ಸಿಯೊ ಕವಾತ್ಸಾ ಎಂಬಾತ ಒಂಬತ್ತು ಬೆಳೆಗಾರರನ್ನು ಕೂಡಿಸಿ ಸಹಕಾರಿ ಉಗ್ರಾಣ ತೆರೆದ. ಅಲ್ಲಿಯವರೆಗೆ ಅವರ ಹಣ್ಣು ಬರೋಲೊ ಹೆಸರಿನವರ ಪೀಪಾಯಿ ಸೇರಿ ಊರಿನ ಗುರುತೇ ಇರಲಿಲ್ಲ. ಫ್ಯಾಸಿಸ್ಟ್ ಆಡಳಿತದ ಕಾಲದಲ್ಲಿ ಆ ಸಂಘ ಮುಚ್ಚಿತು.

1958ರಲ್ಲಿ ಊರಿನ ಪಾದ್ರಿ, ಸಣ್ಣ ಹಿಡುವಳಿದಾರರು ಬದುಕಬೇಕಾದರೆ ಒಟ್ಟಾಗುವುದೊಂದೇ ದಾರಿಯೆಂದು ಕಂಡು, ಹತ್ತೊಂಬತ್ತು ಮಂದಿಯನ್ನು ಸೇರಿಸಿ ಸಂಘವನ್ನು ಮತ್ತೆ ಕಟ್ಟಿದ. ಸ್ವಂತ ಕಟ್ಟಡವಿರಲಿಲ್ಲ, ಮೊದಲ ಮೂರು ವರ್ಷ ದ್ರಾಕ್ಷಾರಸ ತಯಾರಾದದ್ದು ಇಗರ್ಜಿಯ ನೆಲಮಾಳಿಗೆಯಲ್ಲಿ. ಆಮೇಲೆ ಅದರೆದುರಿಗೇ ಉಗ್ರಾಣ ಕಟ್ಟಿದರು. ಇಂದು ಸದಸ್ಯರು ಐವತ್ತರಷ್ಟು. ಸಂಖ್ಯೆಯಲ್ಲಿ ನಮ್ಮ ಸಂಘದ ಒಂದು ವಾರ್ಡಿಗೂ ಸಾಲದು. ಹೆಸರು ಮಾತ್ರ ಜಗತ್ತಿನ ಉದ್ದಗಲಕ್ಕೆ.

ನಿಯಮಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇವೆ. ಒಂದು: ಸದಸ್ಯನು ತಾನು ಬೆಳೆದ ನೆಬ್ಬಿಯೋಲೊ ಹಣ್ಣನ್ನು ಪೂರ್ತಿಯಾಗಿ ಸಂಘಕ್ಕೇ ಹಾಕಬೇಕು. ಒಳ್ಳೆಯದು ಹೊರಗಿನ ವ್ಯಾಪಾರಿಗೆ, ಉಳಿದದ್ದು ಸಂಘಕ್ಕೆ ಎಂಬ ಜಾಣತನಕ್ಕೆ ಎಡೆಯಿಲ್ಲ. ಎರಡು: ಹಣ ಕೊಡುವುದು ತೂಕಕ್ಕೆ ಮಾತ್ರವಲ್ಲ, ಗುಣಕ್ಕೆ. ತೂಕದ ಆಸೆಗೆ ಹೆಚ್ಚು ಗೊನೆ ಬಿಟ್ಟು ಸಪ್ಪೆ ಹಣ್ಣು ತಂದವನಿಗೆ ಅದೇ ಪ್ರಮಾಣದಲ್ಲಿ ಕಡಿಮೆ. ಈ ಎರಡೂ ವಿಷಯಗಳಲ್ಲಿ ನಮ್ಮ ಸಂಘದ ನಡವಳಿಕೆ ಹೇಗಿದೆ ಎಂಬುದನ್ನು ಸದಸ್ಯರೇ ಬಲ್ಲರು, ಹೆಚ್ಚು ಬರೆಯುವುದಿಲ್ಲ.

ಗುಣದ ಪಾಠವನ್ನು ಆ ನಾಡು ಕಲಿತದ್ದು ದೊಡ್ಡ ಬೆಲೆ ತೆತ್ತು. 1986ರ ಮಾರ್ಚಿಯಲ್ಲಿ, ಅಗ್ಗದ ದ್ರಾಕ್ಷಾರಸಕ್ಕೆ ಮೀಥೈಲ್ ಆಲ್ಕೋಹಾಲ್ ಎಂಬ ವಿಷವನ್ನು ಬೆರೆಸಿ ಮಾರಿದ್ದು ಬಯಲಾಯಿತು. ಇಪ್ಪತ್ತರಷ್ಟು ಜನ ಸತ್ತರು, ಹಲವರ ಕಣ್ಣು ಹೋಯಿತು. ಕಲಬೆರಕೆ ಮಾಡಿದ ಒಂದು ಉಗ್ರಾಣ ಇದೇ ಲಾಂಗೆ ಸೀಮೆಯದು. ಇಟಲಿಯ ದ್ರಾಕ್ಷಾರಸವೆಂದರೆ ಹೊರದೇಶದವರು ಮುಟ್ಟದ ಸ್ಥಿತಿ ಬಂತು. ತಪ್ಪು ಮಾಡಿದವರು ಕೆಲವರು. ಬಾಗಿಲು ಮುಚ್ಚಿಕೊಂಡು ಕೂತದ್ದು ಸಾವಿರಾರು ಪ್ರಾಮಾಣಿಕ ಬೆಳೆಗಾರರು. ಅಲ್ಲಿಂದ ಮುಂದೆ ತಪಾಸಣೆ ಬಿಗಿಯಾಯಿತು. ಕಡಿಮೆ ಬೆಳೆ, ಒಳ್ಳೆಯ ಬೆಳೆ ಎಂಬ ಮಾತು ಬೇರೂರಿತು. ಅಡಿಕೆಗೆ ಬಣ್ಣ, ಹೊರಗಿನ ಕಳಪೆ ಮಾಲಿನ ಮಿಶ್ರಣ ಇವುಗಳ ಬಗ್ಗೆ ನಾವು ಸುತ್ತೋಲೆ ಹೊರಡಿಸಿದಾಗ ಬೇಸರಪಟ್ಟುಕೊಳ್ಳುವ ಸದಸ್ಯರು ಈ ಪ್ಯಾರಾವನ್ನು ಎರಡು ಸಲ ಓದಬೇಕಾಗಿ ವಿನಂತಿ.

ಹೇಝಲ್ ಬೀಜ ಮತ್ತು ಕಾರ್ಖಾನೆಯ ಬಸ್ಸು

ಮೇಲ್ ಲಾಂಗೆಯನ್ನು ಉಳಿಸಿದ್ದು ದ್ರಾಕ್ಷಿಯಲ್ಲ, ಹೇಝಲ್ ಬೀಜ. ಅದರ ಮಾರುಕಟ್ಟೆಗೆ ಕೇಂದ್ರ ಕೋರ್ತೆಮೀಲಿಯಾ. ಬೀಜ ಆಗಸ್ಟ್ ಹೊತ್ತಿಗೆ ತಾನಾಗಿ ಉದುರುತ್ತದೆ; ಗುಡಿಸಿ ಒಟ್ಟುಮಾಡಿ ಒಣಗಿಸುವುದು. ಕೊನೆ ಕೊಯ್ಯುವವರಿಗಾಗಿ ಮನೆಮನೆ ಅಲೆಯುವ ನಮಗೆ ಇದನ್ನು ನೋಡಿ ಹೊಟ್ಟೆಕಿಚ್ಚಾದದ್ದು ಸುಳ್ಳಲ್ಲ. ಆದರೆ ದ್ರಾಕ್ಷಿ ಕೊಯ್ಲಿಗೆ ಅವರೂ ಮ್ಯಾಸಿಡೋನಿಯಾ, ರುಮೇನಿಯಾ, ಆಫ್ರಿಕಾ ಕಡೆಯ ಆಳುಗಳನ್ನೇ ನೆಚ್ಚಿದ್ದಾರೆ, ನಾವು ಅಸ್ಸಾಮಿನವರನ್ನು ನೆಚ್ಚಿದ ಹಾಗೆ.

ಯುದ್ಧಕಾಲದಲ್ಲಿ ಕೋಕೋ ದುರ್ಲಭವಾದಾಗ, ಆಲ್ಬಾದ ಮಿಠಾಯಿಗಾರ ಪಿಯೆತ್ರೊ ಫೆರ್ರೇರೊ, ಊರಿನಲ್ಲೇ ಸಿಗುವ ಈ ಬೀಜವನ್ನು ಅರೆದು ಸೇರಿಸಿ 1946ರಲ್ಲಿ ಅಗ್ಗದ ಮಿಠಾಯಿ ಅಚ್ಚು ಮಾಡಿದ. ಅದೇ ಬೆಳೆದು 1964ರಲ್ಲಿ ನುಟೆಲ್ಲಾ ಆಯಿತು. ಕಾರ್ಖಾನೆಯವರು ಮಾಡಿದ ಒಂದು ಕೆಲಸ ದೊಡ್ಡದು: ಕಾರ್ಮಿಕರನ್ನು ಪಟ್ಟಣಕ್ಕೆ ಕರೆತಂದು ನೆಲೆಗೊಳಿಸುವ ಬದಲು ಗುಡ್ಡದ ಊರುಗಳಿಗೇ ಬಸ್ಸು ಕಳಿಸಿದರು. ಮನೆಯೊಬ್ಬರು ಪಾಳಿಗೆ ಹೋಗಿ ಬಂದು, ಉಳಿದ ಹೊತ್ತಿನಲ್ಲಿ ತೋಟ ನೋಡಿಕೊಂಡರು. ಒಕ್ಕಲು ಏಳುವುದು ತಪ್ಪಿತು.

ಬೆಳೆಯ ಹತ್ತಿರವೇ ಕಾರ್ಖಾನೆ ಇದ್ದರೆ ಏನಾದೀತೆಂದು ನಮಗೂ ಅನುಭವವುಂಟು. ಕೋಕೋ ಕೊಳ್ಳುವವರಿಲ್ಲದೆ ಬೆಳೆಗಾರರು ಗಿಡ ಕಡಿಯಲು ಹೊರಟಿದ್ದಾಗ ಕ್ಯಾಂಪ್ಕೊ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದದ್ದು ಸದಸ್ಯರಿಗೆ ನೆನಪಿರಬಹುದು.

ಅತಿಥಿಗಳು ಬಂದ ಮೇಲೆ

2014ರಲ್ಲಿ ಈ ಗುಡ್ಡಗಳು ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಸೇರಿದ್ದು ಕಾಡಾಗಿ ಅಲ್ಲ. ಶತಮಾನಗಳ ಕೃಷಿ ರೂಪಿಸಿದ ನೆಲವಾಗಿ. ಪ್ರವಾಸಿಗಳು ನೋಡಲು ಬರುವುದು ಆ ಕೃಷಿಯನ್ನೇ.

ರೈತರ ಮನೆಯಲ್ಲಿ ಅತಿಥಿಗಳು ತಂಗುವುದಕ್ಕೆ ಅಲ್ಲಿ ಅಗ್ರಿತುರಿಸ್ಮೊ ಎನ್ನುತ್ತಾರೆ. ಅದಕ್ಕಾಗಿ 1985ರಲ್ಲೇ ರಾಷ್ಟ್ರೀಯ ಕಾನೂನು ಬಂತು; 2006ರಲ್ಲಿ ಪರಿಷ್ಕರಣೆಯಾಯಿತು. ತಿರುಳು ಇದು: ಅತಿಥಿಗಳನ್ನು ಇಟ್ಟುಕೊಳ್ಳುವವನು ರೈತನೇ ಆಗಿರಬೇಕು; ಕೃಷಿಯೇ ಮುಖ್ಯ ಕೆಲಸವಾಗಿ ಉಳಿಯಬೇಕು; ಇರುವ ಕಟ್ಟಡಗಳನ್ನೇ ಬಳಸಬೇಕು; ಬಡಿಸುವುದರಲ್ಲಿ ಹೆಚ್ಚಿನ ಪಾಲು ಸ್ವಂತ ತೋಟದ್ದೂ ಆ ಸೀಮೆಯದೂ ಆಗಿರಬೇಕು. ತೋಟ ಹಾಳುಬಿಟ್ಟು ಕೋಣೆ ಬಾಡಿಗೆ ಕೊಟ್ಟರೆ ಅದು ಅಗ್ರಿತುರಿಸ್ಮೊ ಅಲ್ಲ.

ಹೋಂಸ್ಟೇ ಕಟ್ಟಲು ಸಾಲ ಕೇಳಿ ನಮ್ಮ ಸಂಘಕ್ಕೆ ಅರ್ಜಿಗಳು ಬರುತ್ತಲೇ ಇವೆ. ನಾವು ಅದರ ವಿರೋಧಿಗಳಲ್ಲ. ಒಂದೆರಡು ಕೋಣೆಯ ಆದಾಯದಿಂದ ಕೊಳೆರೋಗದ ವರ್ಷವನ್ನು ದಾಟಿದ ಸದಸ್ಯರಿದ್ದಾರೆ. ಆದರೆ ಬೆಳೆ ಸಾಲವೆಂದು ಪಡೆದ ಹಣದಲ್ಲಿ ಈಜುಕೊಳ ತೋಡಿಸಿ, ಎರಡು ವರ್ಷದಿಂದ ಕಾಫಿ ಗಿಡಕ್ಕೆ ಚಿಗುರು ಕಸಿ ಮಾಡಿಸದವರೂ ಇದ್ದಾರೆ. ಲಾಂಗೆಯ ನಿಯಮವನ್ನು ನಮ್ಮ ಸಾಲದ ಷರತ್ತಿಗೆ ಸೇರಿಸಬಹುದೇ ಎಂಬುದನ್ನು ಮುಂದಿನ ಸಭೆಯ ಮುಂದೆ ಇಡಲಿದ್ದೇವೆ.

ಅತಿಥಿಗಳಿಂದ ಅಲ್ಲೂ ತೊಂದರೆಯಿಲ್ಲದಿಲ್ಲ. ನೆಲದ ಬೆಲೆ ಏರಿ, ಊರಿನ ಹುಡುಗ ಹೊಸದಾಗಿ ತುಂಡು ತೋಟ ಕೊಳ್ಳುವುದು ಕನಸಾಗಿದೆ. ಮಾರಿ ಹೋದವರ ಜಾಗಕ್ಕೆ ಹೊರಗಿನ ಹಣವಂತರು ಬರುತ್ತಾರೆ. "ತಂದೆಯ ಕಾಲಕ್ಕೆ ಬಡತನ ನಮ್ಮನ್ನು ಎಬ್ಬಿಸಲು ನೋಡಿತು, ಈಗ ದುಡ್ಡು ನೋಡುತ್ತಿದೆ" ಎಂದು ಮನೆಯ ಯಜಮಾನರು ನಗುತ್ತಲೇ ಹೇಳಿದರು.

ಹೋಗುವವರಿಗೆ ಸೂಚನೆಗಳು

ಮಿಲಾನಿಗೋ ಟ್ಯೂರಿನ್ನಿಗೋ ವಿಮಾನದಲ್ಲಿ ಹೋಗಬಹುದು. ಟ್ಯೂರಿನ್ನಿನಿಂದ ಬ್ರಾ ಮಾರ್ಗವಾಗಿ ಆಲ್ಬಾಕ್ಕೆ ರೈಲಿದೆ. ಮುಂದೆ ಹಳ್ಳಿಗಳಿಗೆ ಬಸ್ಸು ಕಡಿಮೆ. ಬಾಡಿಗೆ ಕಾರು ಅನುಕೂಲ. ಅಂತರರಾಷ್ಟ್ರೀಯ ಡ್ರೈವಿಂಗ್ ಪರವಾನಗಿಯನ್ನು ಇಲ್ಲಿಂದಲೇ ಮಾಡಿಸಿಕೊಂಡು ಹೋಗಬೇಕು. ಷೆಂಗೆನ್ ವೀಸಾಕ್ಕೆ ಬೇಗ ಅರ್ಜಿ ಹಾಕಿ.

ಒಳ್ಳೆಯ ಕಾಲ ಮೇ-ಜೂನ್, ಇಲ್ಲವೇ ಸೆಪ್ಟೆಂಬರ್-ಅಕ್ಟೋಬರ್. ಅಕ್ಟೋಬರದಿಂದ ಆಲ್ಬಾದಲ್ಲಿ ಬಿಳಿ ಟ್ರಫಲ್ ಜಾತ್ರೆ. ಇದು ಮರದ ಬೇರಿನ ಬಳಿ ನೆಲದಡಿ ಆಗುವ ಅಣಬೆ. ಪಳಗಿಸಿದ ನಾಯಿ ಮೂಸಿ ತೋರಿಸಬೇಕು. ಬೆಲೆಯನ್ನು ಕೇಳಿ ಬರಬಹುದು, ಕೊಳ್ಳಬೇಕಾಗಿಲ್ಲ. ಲಾ ಮೋರ್ರಾ ಊರಿನ ಕಟ್ಟೆಯ ಮೇಲಿಂದ ಬರೋಲೊ ಗುಡ್ಡಗಳೂ ದೂರದ ಹಿಮದ ಆಲ್ಪ್ಸೂ ಒಟ್ಟಿಗೆ ಕಾಣುತ್ತವೆ. ಸೆರ್ರಾಲುಂಗಾದ ಕೋಟೆ, ಕಲ್ಲಿನ ಮನೆಗಳ ಬೆರ್ಗೊಲೊ, ಕೋರ್ತೆಮೀಲಿಯಾದ ಮೆಟ್ಟಿಲು ಪಾಗಾರಗಳು ನೋಡತಕ್ಕವು.

ಶಾಕಾಹಾರಿಗಳು ಎಚ್ಚರದಿಂದ ಕೇಳಿ ಊಟಮಾಡಬೇಕು. ತಾಯರಿನ್ ಎಂಬ ಶಾವಿಗೆಯಲ್ಲಿ ಮೊಟ್ಟೆಯಿದೆ; ಬಾನ್ಯಾ ಕೌದಾ ಎಂಬ ಬೆಳ್ಳುಳ್ಳಿ ಗೊಜ್ಜಿನಲ್ಲಿ ಮೀನಿದೆ. ಮೆಕ್ಕೆಜೋಳದ ಪೊಲೆಂತಾ, ಹಣ್ಣು, ಹೇಝಲ್ ಬೀಜ ನಮಗೆ ಸಾಕಾದವು. ಮನೆಯವರು ಒಯ್ದಿದ್ದ ಚಟ್ನಿಪುಡಿ ಅಜ್ಜಿಗೂ ಹಿಡಿಸಿತು.

ಕಾಫಿ ಮಾತ್ರ ಎಲ್ಲ ಕಡೆ ಸೊಗಸು. ಕಟ್ಟೆಯ ಮುಂದೆ ನಿಂತು ಎರಡು ಗುಟುಕಿಗೆ ಮುಗಿಸುವುದು ಅಲ್ಲಿನ ಪದ್ಧತಿ. ನಮ್ಮ ದೇಶದ ಕಾಫಿಗೆ ಬಹಳ ವರ್ಷಗಳಿಂದ ಅತಿ ದೊಡ್ಡ ಗಿರಾಕಿ ಇಟಲಿ. ಆ ಬಟ್ಟಲಿನ ನೊರೆಗೂ ಗಟ್ಟಿತನಕ್ಕೂ ಬೇಕಾದ ರೋಬಸ್ಟಾದಲ್ಲಿ ನಮ್ಮ ಪಾಲೂ ಇದೆ. ಆಲ್ಬಾದ ಅಂಗಡಿಯವನಿಗೆ ನಾವು ಕಾಫಿ ಬೆಳೆಗಾರರೆಂದು ಮಗಳು ಹೇಳಿದಾಗ ಆತ ಕೈಕುಲುಕಿ, ದುಡ್ಡು ಬೇಡವೆಂದ. ಇಷ್ಟು ವರ್ಷ ಕಾಫಿ ಮಾರಿದ್ದೇವೆ. ಕುಡಿಯುವವನೊಬ್ಬ ಬೆಳೆದವನ ಕೈ ಹಿಡಿದದ್ದು ಅದೇ ಮೊದಲು.

ಹೊರಡುವ ದಿನ ಅಜ್ಜಿ ಒಂದು ಚೀಲ ಹೇಝಲ್ ಬೀಜ ಕೊಟ್ಟು, "ನಿಮ್ಮ ಸೊಸೆ ಬಂದ ಮೇಲೆ ಅವಳಿಗೆ" ಎಂದರು. ಸೊಸೆ ಇನ್ನೂ ಬಂದಿಲ್ಲ. ಬೀಜ ಕಪಾಟಿನಲ್ಲಿದೆ. ಯಾವ ಊರಿನಿಂದ ಬಂದರೂ ಚೀಲ ಅವಳದೇ.